ಮನೆಯಲ್ಲಿ ಓದಿಕೊಳ್ಳಿ ಎಂದ ಪಾಠ

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಕೇ, ಬೇಡವೇ ಎಂಬ ವಾದ ಹಳೆಯದು. ವಾದ ನಡೆಯುತ್ತಿರುವಾಗಲೇ ಎಷ್ಟೋ ಮಕ್ಕಳು ಶಾಲೆ ಮುಗಿಸಿ ಹೊರಟುಹೋದರು.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಬಗ್ಗೆ ಒಂದು ಪಾಠವಿದೆ. ಅಮೀಬಾ ಎರಡಾಗುವುದು, ಯೀಸ್ಟ್ ಮೊಗ್ಗೊಡೆಯುವುದು, ಹೂವಿನಲ್ಲಿ ಪರಾಗಸ್ಪರ್ಶ ಆಗುವುದು - ಇಲ್ಲಿಯವರೆಗೆ ಪಾಠ ಸಲೀಸಾಗಿ ಸಾಗುತ್ತದೆ. ಮನುಷ್ಯರ ವಿಷಯದ ಪುಟ ಬಂದಾಗ ಮಾತ್ರ ಎಷ್ಟೋ ತರಗತಿಗಳಲ್ಲಿ ಮೇಷ್ಟರ ದನಿ ತಗ್ಗುತ್ತದೆ, ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗು ಏಳುತ್ತದೆ. 'ಇದನ್ನು ಮನೆಯಲ್ಲಿ ಓದಿಕೊಳ್ಳಿ. ಚಿತ್ರ ಬರೆದು ಭಾಗ ಗುರುತಿಸಲು ಬಂದರೆ ಸಾಕು' ಎಂಬ ಮಾತಿನೊಂದಿಗೆ ಪುಟ ಮಗುಚಿಕೊಳ್ಳುತ್ತದೆ.

ಮನೆಯಲ್ಲಿ ಕೇಳಿದರೆ ಏನಾಗುತ್ತದೆ? 'ಅದೆಲ್ಲ ನಿನಗೆ ಈಗ ಯಾಕೆ, ಮೊದಲು ಓದು' ಎಂಬ ಗದರಿಕೆ ಬರಬಹುದು. ಇಲ್ಲವೇ 'ಸ್ಕೂಲಿನಲ್ಲಿ ಹೇಳಿಕೊಡುತ್ತಾರಲ್ಲ' ಎಂಬ ಉತ್ತರ. ಶಾಲೆ ಮನೆಯ ಕಡೆಗೂ ಮನೆ ಶಾಲೆಯ ಕಡೆಗೂ ಬೆರಳು ತೋರಿಸುವ ಈ ಆಟದಲ್ಲಿ ಮಗುವಿಗೆ ಸಿಗುವುದು ಮೂರನೆಯ ಗುರು. ಒಂದು ಕಾಲಕ್ಕೆ ಆ ಗುರು ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನಾದ ಗೆಳೆಯನಾಗಿದ್ದ, ಬಸ್ ನಿಲ್ದಾಣದ ಅಂಗಡಿಯಲ್ಲಿ ಕದ್ದು ಕೊಂಡ ಪುಸ್ತಕವಾಗಿದ್ದ. ಈಗ ಅಂಗೈಯಲ್ಲಿರುವ ಮೊಬೈಲ್ ಫೋನು ಆ ಸ್ಥಾನದಲ್ಲಿ ಕುಳಿತಿದೆ. ಈ ಗುರುವಿಗೆ ಗದರಲು ಬಾರದು. ಆದರೆ ಸರಿ ಯಾವುದು, ಸುಳ್ಳು ಯಾವುದು ಎಂದು ಹೇಳಲೂ ಬಾರದು.

ಮೈಸೂರಿನ ಹಳೆಯ ಧೈರ್ಯ

ಇಂಥ ವಿಷಯದಲ್ಲಿ ನಮ್ಮ ನಾಡು ಎಂದೂ ಹಿಂಜರಿದೇ ಇತ್ತು ಎಂದು ಹೇಳುವುದು ತಪ್ಪಾದೀತು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಪ್ರಪಂಚದಲ್ಲೇ ಅದು ಮೊದಲು ಎಂದು ಇತಿಹಾಸಕಾರರು ದಾಖಲಿಸಿದ್ದಾರೆ. ಮುಂದೆ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ' ಎಂಬ ಪುಸ್ತಕದಲ್ಲಿ ಬೆಳೆಯುವ ಹುಡುಗಿಯರೊಂದಿಗೆ ಅವರ ದೇಹ, ಮನಸ್ಸುಗಳ ಬಗ್ಗೆ ಸರಳ ಕನ್ನಡದಲ್ಲಿ ಮಾತನಾಡಿದರು. ಆ ಪುಸ್ತಕ ಎಷ್ಟೋ ಮನೆಗಳಲ್ಲಿ ತಾಯಿಯಿಂದ ಮಗಳ ಕೈಗೆ ದಾಟಿತು. ಮಾತು ಮರ್ಯಾದೆ ಮೀರದೆ ಇರಬಹುದು, ವಿಷಯವೂ ಮುಚ್ಚಿಹೋಗದೆ ಇರಬಹುದು ಎಂಬುದನ್ನು ಇಂಥ ಬರವಣಿಗೆ ತೋರಿಸಿಕೊಟ್ಟಿತು.

ಶಾಲೆಯ ಬಾಗಿಲಿಗೆ ಈ ವಿಷಯ ಬಂದಿದ್ದು ಸುತ್ತುದಾರಿಯಲ್ಲಿ. 1980ರಲ್ಲಿ ಜನಸಂಖ್ಯಾ ಶಿಕ್ಷಣದ ರಾಷ್ಟ್ರೀಯ ಯೋಜನೆ ಆರಂಭವಾದಾಗ ಅದರ ಚಿಂತೆಯೆಲ್ಲ ದೇಶದ ಜನಸಂಖ್ಯೆಯದಾಗಿತ್ತು. ಬೆಳೆಯುವ ಹುಡುಗ ಹುಡುಗಿಯರ ಪ್ರಶ್ನೆಗಳಿಗೆ ಅಲ್ಲಿ ಜಾಗ ಕಡಿಮೆ. 1986ರಲ್ಲಿ ಮದರಾಸಿನಲ್ಲಿ ಭಾರತದ ಮೊದಲ ಎಚ್‌ಐವಿ ಸೋಂಕು ಪತ್ತೆಯಾಯಿತು. ಆಗ ಔಷಧವಿಲ್ಲದ ಆ ರೋಗಕ್ಕೆ ತಿಳಿವಳಿಕೆಯೊಂದೇ ಲಸಿಕೆ ಎಂಬ ಮಾತು ಎಲ್ಲೆಡೆ ಕೇಳಿಬಂತು. 1993ರಲ್ಲಿ ಎನ್‌ಸಿಇಆರ್‌ಟಿ ಹದಿಹರೆಯದ ಶಿಕ್ಷಣದ ಕುರಿತು ದೆಹಲಿಯಲ್ಲಿ ರಾಷ್ಟ್ರೀಯ ವಿಚಾರಗೋಷ್ಠಿ ನಡೆಸಿತು. ಕೊನೆಗೆ 2005ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಸೇರಿ 'ಹದಿಹರೆಯದ ಶಿಕ್ಷಣ ಕಾರ್ಯಕ್ರಮ'ವನ್ನು ರೂಪಿಸಿದವು. ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ವರ್ಷದಲ್ಲಿ 16 ಗಂಟೆಗಳ ಪಾಠ. ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ಗಂಟೆಯೂ ಇಲ್ಲ. ಆದರೆ ದೇಶದಾದ್ಯಂತ ಗದ್ದಲ ಏಳಲು ಅಷ್ಟೇ ಸಾಕಾಯಿತು.

2007: ಒಂದೇ ವರ್ಷ, ಎರಡು ಸುದ್ದಿ

ಶಿಕ್ಷಕರಿಗೆಂದು ತಯಾರಿಸಿದ ಕೈಪಿಡಿ ಮತ್ತು ಚಿತ್ರಪಟಗಳು ಕೈಯಿಂದ ಕೈಗೆ ಹೋದಂತೆ ಆಕ್ಷೇಪಗಳು ಎದ್ದವು. ಚಿತ್ರಗಳು ಅತಿಯಾಗಿ ಬಿಚ್ಚುಮಾತಿನವು, ಗರ್ಭನಿರೋಧಕಗಳ ವಿಚಾರ ಆ ವಯಸ್ಸಿಗೆ ತಕ್ಕದ್ದಲ್ಲ, ಇದು ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂಬ ದೂರುಗಳು ಬಂದವು. 2007ರಲ್ಲಿ ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಕೇರಳ ಮುಂತಾದ ರಾಜ್ಯಗಳಲ್ಲಿ ಕಾರ್ಯಕ್ರಮಕ್ಕೆ ತಡೆ ಬಿತ್ತು, ಇಲ್ಲವೇ ವಿರೋಧ ವ್ಯಕ್ತವಾಯಿತು. ಕರ್ನಾಟಕವೂ ಆ ಸಾಲಿನಲ್ಲಿತ್ತು. ಈ ರಾಜ್ಯಗಳನ್ನು ಆಗ ಆಳುತ್ತಿದ್ದವು ಬೇರೆ ಬೇರೆ ಪಕ್ಷಗಳು. ಬಜೆಟ್ಟಿನಿಂದ ಹಿಡಿದು ನದಿ ನೀರಿನವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಾರದವರು ಇದೊಂದು ವಿಷಯದಲ್ಲಿ ಒಂದಾದರು.

ಪೋಷಕರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ತಮ್ಮ ಮಕ್ಕಳ ಮುಂದೆ ಏನನ್ನು ಇಡಲಾಗುತ್ತಿದೆ ಎಂದು ಅವರಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ದೆಹಲಿಯಲ್ಲಿ ತಯಾರಾದ ಚಿತ್ರಪಟ ಹಳ್ಳಿಯ ಶಾಲೆಯಲ್ಲಿ ಬಿಚ್ಚಿಕೊಂಡಾಗ ಗಾಬರಿಯಾಗುವುದು ಸಹಜ. ಅದನ್ನು ತಿದ್ದಬಹುದಿತ್ತು, ಪೋಷಕರನ್ನು ಕೂರಿಸಿಕೊಂಡು ಮಾತನಾಡಬಹುದಿತ್ತು. ಹಲವೆಡೆ ಆದದ್ದು ಮಾತ್ರ ನೆಗಡಿಗೆ ಮೂಗು ಕೊಯ್ದ ಹಾಗೆ. ಚಿತ್ರದ ಜೊತೆಗೆ ಪಾಠವೂ ಹೊರಟುಹೋಯಿತು.

ಅದೇ 2007ರಲ್ಲಿ ಇನ್ನೊಂದು ವರದಿ ಹೊರಬಂತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ನಡೆಸಿದ ಅಧ್ಯಯನ ಅದು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೇವೆ ಎಂದ ಮಕ್ಕಳು ಶೇ 53.22. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ತಪ್ಪಿತಸ್ಥರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರೇ, ಮಗು ನಂಬಿದವರೇ. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದವರು ಕಡಿಮೆ. ಮಗು ಹೇಳುವುದಿಲ್ಲ ಏಕೆ? ಹೆದರಿಕೆ ಒಂದು ಕಾರಣ. ಹೇಳಲು ಮಾತೇ ಇಲ್ಲದಿರುವುದು ಇನ್ನೊಂದು. ಕಣ್ಣು, ಮೂಗು, ಕೈ, ಕಾಲು ಎಂದು ಹಾಡಿ ಕಲಿಸುವ ನಾವು ಹೊಟ್ಟೆಯಿಂದ ನೇರವಾಗಿ ಮೊಣಕಾಲಿಗೆ ಜಿಗಿಯುತ್ತೇವೆ. ನಡುವಿನ ಭಾಗಕ್ಕೆ 'ಛೀ' ಎಂಬುದೇ ಹೆಸರು. ಹೆಸರೇ ಇಲ್ಲದ ಜಾಗಕ್ಕೆ ನೋವಾದರೆ ಮಗು ಏನೆಂದು ದೂರು ಕೊಡಬೇಕು? ನಾಚಿಕೆ ಎಂದು ನಾವು ಕಲಿಸಿದ ಮೌನ ತಪ್ಪು ಮಾಡಿದವನಿಗೆ ಕಾವಲಾಗಿ ನಿಲ್ಲುತ್ತದೆ.

2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ಈ ವಿವಾದದ ಬಗ್ಗೆ ವರದಿ ಕೊಟ್ಟಿತು. ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಇರಕೂಡದು. ಎಚ್‌ಐವಿ ಮತ್ತು ಲೈಂಗಿಕ ರೋಗಗಳ ವಿಚಾರ ಜೀವಶಾಸ್ತ್ರದ ಪುಸ್ತಕದಲ್ಲಿ, ಅದೂ ಪಿಯುಸಿ ಹಂತಕ್ಕಿಂತ ಮೊದಲು ಬೇಡ ಎಂದು ಅದು ಹೇಳಿತು. ಬಾಲ್ಯವಿವಾಹ ಕಾನೂನುಬಾಹಿರ, ಹೆಣ್ಣುಮಗುವಿನ ಆರೋಗ್ಯಕ್ಕೆ ಹಾನಿಕರ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು ಎಂದೂ ಹೇಳಿತು. ಆದರೆ ಪಿಯುಸಿಗೆ ಬರುವ ಮೊದಲೇ ಶಾಲೆ ಬಿಟ್ಟ, ಮದುವೆಯೂ ಆಗಿಬಿಟ್ಟ ಹುಡುಗಿಗೆ ಆ ಪಾಠ ತಲುಪುವ ದಾರಿ ಯಾವುದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಐವರಲ್ಲಿ ಒಬ್ಬಳಿಗಿಂತ ಹೆಚ್ಚು.

ಆರತಿ ಉಂಟು, ವಿವರಣೆ ಇಲ್ಲ

ಹುಡುಗಿ ಮೈನೆರೆದಾಗ ನಮ್ಮ ಅನೇಕ ಮನೆಗಳಲ್ಲಿ ಶಾಸ್ತ್ರ ಮಾಡುತ್ತಾರೆ. ಹಸೆಮಣೆ ಹಾಕಿ ಕೂರಿಸಿ, ಹೊಸ ಸೀರೆ ಉಡಿಸಿ, ಆರತಿ ಬೆಳಗಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ಕೇರಿಗೆಲ್ಲ ಸುದ್ದಿ ಮುಟ್ಟುತ್ತದೆ. ಆದರೆ ತನ್ನ ದೇಹದಲ್ಲಿ ಏನಾಯಿತು, ಅದು ಪ್ರತಿ ತಿಂಗಳೂ ಏಕೆ ಬರುತ್ತದೆ, ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಆ ಹುಡುಗಿಗೆ ಕುಳಿತು ಹೇಳಿದವರು ಎಷ್ಟು ಜನ? ಮೊದಲ ಮುಟ್ಟು ಬಂದ ದಿನ ತನಗೆ ಯಾವುದೋ ದೊಡ್ಡ ರೋಗ ಬಂದಿದೆ ಎಂದು ಹೆದರಿ ಅತ್ತವರ ಕತೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಸಿಗುತ್ತದೆ. ಶಾಲಾ ಬಾಲಕಿಯರಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ರಾಜ್ಯದ 'ಶುಚಿ' ಯೋಜನೆ ಕೆಲವು ವರ್ಷ ನಿಂತು, 2024ರಲ್ಲಿ ಮತ್ತೆ ಆರಂಭವಾಯಿತು. ಪ್ಯಾಡ್ ಬೇಕು, ನಿಜ. ಪ್ಯಾಡಿನ ಜೊತೆಗೆ ನಾಲ್ಕು ಮಾತೂ ಬೇಕು.

ಹುಡುಗರ ಪಾಡು ಇನ್ನೊಂದು ಬಗೆ. ಅವರಿಗೆ ಶಾಸ್ತ್ರವೂ ಇಲ್ಲ, ಮಾತೂ ಇಲ್ಲ. ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಇದು ಬೆಳವಣಿಗೆಯ ಸಹಜ ಲಕ್ಷಣ, ಇದರಿಂದ ಶಕ್ತಿ ಕುಂದುವುದಿಲ್ಲ ಎಂದು ಹೇಳುವವರಿಲ್ಲದೆ ಹುಡುಗ ಒಳಗೊಳಗೇ ಕೊರಗುತ್ತಾನೆ. ಆಗ ಅವನ ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ 'ಗುಪ್ತರೋಗ, ನರದೌರ್ಬಲ್ಯಕ್ಕೆ ಶರ್ತಿಯ ಚಿಕಿತ್ಸೆ' ಎಂಬ ಜಾಹೀರಾತು. ಇಲ್ಲದ ರೋಗಕ್ಕೆ ದುಬಾರಿ ಔಷಧ ಮಾರುವ ಈ ವ್ಯಾಪಾರ ನಡೆಯುವುದೇ ಶಾಲೆ ಹೇಳದೆ ಬಿಟ್ಟ ಪಾಠದ ಬಂಡವಾಳದ ಮೇಲೆ.

ಹೇಳಿದರೆ ಕೆಡುತ್ತಾರೆಯೇ?

'ಗೊತ್ತಿಲ್ಲದ್ದನ್ನು ಗೊತ್ತು ಮಾಡಿಸಿ ನಾವೇ ಕೆಡಿಸಿದಂತಾಗುವುದಿಲ್ಲವೇ?' ಇದು ಬಹುತೇಕ ಪೋಷಕರ ಪ್ರಶ್ನೆ. ಪ್ರಾಮಾಣಿಕವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕುವ ಅಧ್ಯಯನಗಳು ಅನೇಕ ದೇಶಗಳಲ್ಲಿ ನಡೆದಿವೆ. ಅವುಗಳನ್ನು ಪರಿಶೀಲಿಸಿ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುವುದಿಷ್ಟು: ವಯಸ್ಸಿಗೆ ತಕ್ಕಂತೆ ಕೊಟ್ಟ ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಪರ್ಕಕ್ಕೆ ಇಳಿಯುವುದಿಲ್ಲ, ಅಪಾಯದ ನಡವಳಿಕೆಯೂ ಹೆಚ್ಚುವುದಿಲ್ಲ. 'ಮದುವೆಯವರೆಗೆ ಬೇಡ' ಎಂಬುದೊಂದನ್ನೇ ಬೋಧಿಸಿದ ಕಾರ್ಯಕ್ರಮಗಳು ನಿರೀಕ್ಷಿಸಿದ ಫಲ ಕೊಟ್ಟಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಅಶ್ಲೀಲ ದೃಶ್ಯಗಳಿಗೆ ಸಂಬಂಧಿಸಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ತಪ್ಪು ಕಲ್ಪನೆಯನ್ನು ಪ್ರಸ್ತಾಪಿಸಿ, ಲೈಂಗಿಕ ಶಿಕ್ಷಣದ ಅಗತ್ಯವನ್ನು ಎತ್ತಿಹೇಳಿತು.

ಹೊರದೇಶದ ಮಾತು ಬೇಡವೆಂದರೆ ನಮ್ಮಲ್ಲೇ ನಿದರ್ಶನವಿದೆ. ಬೇರೆ ರಾಜ್ಯಗಳು ಪುಸ್ತಕ ಮುಚ್ಚಿದ ಹೊತ್ತಿನಲ್ಲಿ ಜಾರ್ಖಂಡ್ 2006ರಲ್ಲಿ ಆರಂಭಿಸಿದ್ದ 'ಉಡಾನ್' ಕಾರ್ಯಕ್ರಮವನ್ನು ಕೈಬಿಡಲಿಲ್ಲ. ಅಲ್ಲಿ ಸರ್ಕಾರವೇ ಮುಂದೆ ನಿಂತಿತು. ಪಾಠವನ್ನು ಸ್ಥಳೀಯ ಬದುಕಿಗೆ ಹೊಂದುವಂತೆ ತಿದ್ದಿಸಿತು. ಶಿಕ್ಷಕರಿಗೆ ತರಬೇತಿ ಕೊಡಿಸಿತು. ವರ್ಷಗಳು ಉರುಳಿದಂತೆ ಕಾರ್ಯಕ್ರಮ ರಾಜ್ಯದ ಜಿಲ್ಲೆಗಳಿಗೆಲ್ಲ ಹಬ್ಬಿತು. ಅದು ಶ್ರೀಮಂತ ರಾಜ್ಯವೇನಲ್ಲ. ಬಾಲ್ಯವಿವಾಹ ಅಲ್ಲಿಯೂ ದೊಡ್ಡ ಪಿಡುಗು.

ಬಿಹಾರದ ನಾಲಂದಾ ಜಿಲ್ಲೆಯ ಒಂದು ಪ್ರಯೋಗ ಇನ್ನೂ ಸೂಕ್ಷ್ಮವಾದ ಪಾಠ ಹೇಳುತ್ತದೆ. 74 ಪ್ರೌಢಶಾಲೆಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಮಾನಸಿಕ ಆರೋಗ್ಯ, ಬೆದರಿಸಿ ಹಿಂಸಿಸುವ ಪಿಡುಗು, ಹೆಣ್ಣು-ಗಂಡು ಸಮಾನತೆ, ಸಂತಾನೋತ್ಪತ್ತಿ ಆರೋಗ್ಯ ಎಲ್ಲವನ್ನೂ ಒಳಗೊಂಡ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು. ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಆಪ್ತ ಸಲಹೆಗಾರರು ನಡೆಸಿದರು. ಅವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆ, ಹಿಂಸೆ ಇಳಿದವು, ತಿಳಿವಳಿಕೆ ಏರಿತು. ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇದರಿಂದ ಶಿಕ್ಷಕರನ್ನು ಹಳಿಯಬೇಕಾಗಿಲ್ಲ. ಪಠ್ಯ ಮುಗಿಸಬೇಕು, ಫಲಿತಾಂಶ ತೋರಿಸಬೇಕು, ಗಣತಿ, ಚುನಾವಣೆಗಳ ಕೆಲಸವನ್ನೂ ಮಾಡಬೇಕು. ಬೆಳಿಗ್ಗೆ ಗಣಿತದಲ್ಲಿ ತಪ್ಪಿದ್ದಕ್ಕೆ ಗದರಿದವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚಿ ಮಾತಾಡು ಎಂದರೆ ಮಗುವಿಗೂ ಕಷ್ಟ. ಪುಸ್ತಕದಲ್ಲಿ ಏನಿದೆ ಎಂಬುದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಆ ಪುಸ್ತಕ ಹಿಡಿದು ಮಕ್ಕಳ ಮುಂದೆ ನಿಲ್ಲುವವರು ಯಾರು ಮತ್ತು ಅವರಿಗೆ ಪುರುಸೊತ್ತು ಇದೆಯೇ ಎಂಬುದು. ನಮ್ಮ ವಾದವಿವಾದ ನಡೆದದ್ದೆಲ್ಲ ಮೊದಲನೆಯದರ ಬಗ್ಗೆ. ಎರಡನೆಯದನ್ನು ಕೇಳಿದವರು ವಿರಳ.

ಕಾನೂನು ಬಂತು, ಪಾಠ ಬರಲಿಲ್ಲ

2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 'ಪೋಕ್ಸೊ' ಕಾಯ್ದೆ ಜಾರಿಗೆ ಬಂತು. ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು; ಮುಚ್ಚಿಟ್ಟರೆ ಅದೂ ಅಪರಾಧ. 18 ವರ್ಷದೊಳಗಿನವರ ಒಪ್ಪಿಗೆಗೆ ಈ ಕಾಯ್ದೆಯಲ್ಲಿ ಬೆಲೆಯಿಲ್ಲ. ಈ ಕೊನೆಯ ಮಾತು ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಗೊತ್ತು? ಇಬ್ಬರೂ ಇಷ್ಟಪಟ್ಟು ಮನೆ ಬಿಟ್ಟು ಹೋದ ಪ್ರಕರಣಗಳಲ್ಲಿ ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ ಹೋಗುವುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಕಂಡಿವೆ. 2022ರ ನವೆಂಬರ್‌ನಲ್ಲಿ ಇಂಥದೇ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸಿನ ಬಗ್ಗೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೆಯ ತರಗತಿಯಿಂದಾಚೆಗಿನ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡುವ ವ್ಯವಸ್ಥೆ ಮಾಡಬೇಕೆಂದು ರಾಜ್ಯದ ಶಿಕ್ಷಣ ಇಲಾಖೆಗೆ ಸೂಚಿಸಿತು. ಮರುವರ್ಷ ಕಾನೂನು ಆಯೋಗ ವಯಸ್ಸನ್ನು ಇಳಿಸುವುದು ಬೇಡ ಎಂದಿತು. ಅಲ್ಲಿಗೆ ತಿಳಿವಳಿಕೆ ಕೊಡುವ ಹೊಣೆ ಇನ್ನಷ್ಟು ಭಾರವಾಯಿತು. ಕಾನೂನು ಗೊತ್ತಿರಲಿಲ್ಲ ಎಂಬ ಮಾತನ್ನು ನ್ಯಾಯಾಲಯ ಒಪ್ಪದು. ಗೊತ್ತು ಮಾಡಿಸದ ದೊಡ್ಡವರನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ.

ಯೋಜನೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಹೈಸ್ಕೂಲು ಮಕ್ಕಳಿಗಾಗಿ ಜೀವನ ಕೌಶಲ ಶಿಕ್ಷಣದ ಮಾದರಿಯನ್ನು ರೂಪಿಸಿ ಶಿಕ್ಷಕರಿಗೆ ತರಬೇತಿ ಕೊಟ್ಟರು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸಲಹಾ ಕೇಂದ್ರಗಳು ಬಂದವು. ಕರ್ನಾಟಕದಲ್ಲಿ ಅವಕ್ಕೆ 'ಸ್ನೇಹ ಕ್ಲಿನಿಕ್' ಎಂದು ಹೆಸರು. 2020ರಲ್ಲಿ ಕೇಂದ್ರ ಸರ್ಕಾರ ತಂದ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಒಬ್ಬರು ಮಹಿಳೆ, ಒಬ್ಬರು ಪುರುಷ, 'ಆರೋಗ್ಯ ರಾಯಭಾರಿ'ಗಳಾಗಿ 11 ವಿಷಯಗಳನ್ನು ವಾರಕ್ಕೊಂದು ಗಂಟೆ ಕಲಿಸಬೇಕು. ಬೆಳವಣಿಗೆ, ಭಾವನೆಗಳು, ಆಹಾರ, ಮಾದಕ ವಸ್ತು, ಸಂತಾನೋತ್ಪತ್ತಿ ಆರೋಗ್ಯ, ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಎಲ್ಲವೂ ಅದರಲ್ಲಿವೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಶಿಕ್ಷಣ ಸಚಿವರು 8ರಿಂದ 12ನೆಯ ತರಗತಿಯ ಮಕ್ಕಳಿಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ಪ್ರಕಟಿಸಿದರು. 2007ರಲ್ಲಿ ಬೇಡವೆಂದ ರಾಜ್ಯ ಬೇಕು ಎನ್ನುವ ಹೊತ್ತಿಗೆ 18 ವರ್ಷ ಕಳೆದಿದ್ದವು. ಅಷ್ಟರಲ್ಲಿ ಒಂದು ತಲೆಮಾರು ಹುಟ್ಟಿ, ಬೆಳೆದು, ಮತದಾನದ ವಯಸ್ಸಿಗೆ ಬಂದುಬಿಟ್ಟಿತು.

ಜನಸಂಖ್ಯಾ ಶಿಕ್ಷಣ, ಹದಿಹರೆಯದ ಶಿಕ್ಷಣ, ಜೀವನ ಕೌಶಲ, ಸ್ವಾಸ್ಥ್ಯ ಎಂದು ಹೆಸರು ಬದಲಾಗುತ್ತ ಬಂತು. ಹೆಸರಿನಲ್ಲೇನೂ ದೋಷವಿಲ್ಲ. ಯಾವ ಹೆಸರಿನಲ್ಲಾದರೂ ವೇಳಾಪಟ್ಟಿಯಲ್ಲಿ ಆ ಒಂದು ಗಂಟೆ ನಿಜವಾಗಿ ಇದೆಯೇ, ಅಥವಾ ಪರೀಕ್ಷೆ ಹತ್ತಿರವಾದಾಗ ಗಣಿತಕ್ಕೆ ಬಿಟ್ಟುಕೊಡಲಾಗುತ್ತದೆಯೇ ಎಂಬುದನ್ನು ನೋಡಬೇಕು. ಅದನ್ನು ನೋಡಬಲ್ಲವರು ಬೆಂಗಳೂರಿನ ಅಧಿಕಾರಿಗಳಲ್ಲ, ಆಯಾ ಊರಿನ ಪೋಷಕರು.

ಪೋಷಕರು ಮಾಡಬಹುದಾದದ್ದು

* ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ಆರೋಗ್ಯ ತರಗತಿ ಯಾವ ದಿನ, ಯಾರು ನಡೆಸುತ್ತಾರೆ, ಅವರಿಗೆ ತರಬೇತಿ ಆಗಿದೆಯೇ ಎಂದು ಸಭೆಯಲ್ಲಿ ಕೇಳಬಹುದು. ಖಾಸಗಿ ಶಾಲೆಯಲ್ಲಿ ಪೋಷಕರ ಸಭೆ ಇದೆ. ಮಕ್ಕಳಿಗೆ ತೋರಿಸುವ ಪುಸ್ತಕ, ಚಿತ್ರಗಳನ್ನು ತಮಗೆ ಮೊದಲು ತೋರಿಸಿ ಎಂದು ಕೇಳುವುದೂ ತಪ್ಪಲ್ಲ. 2007ರ ಗದ್ದಲಕ್ಕೆ ಇದೇ ಮದ್ದಾಗುತ್ತಿತ್ತು.

* ಚಿಕ್ಕ ಮಗುವಿಗೆ ದೇಹದ ಎಲ್ಲ ಭಾಗಗಳ ಹೆಸರು ಕಲಿಸಬೇಕು. ಅಪ್ಪ, ಅಮ್ಮ, ಅಜ್ಜಿ, ಅಗತ್ಯವಿದ್ದಾಗ ಮನೆಯವರ ಎದುರು ವೈದ್ಯರು ಬಿಟ್ಟು ಬೇರೆಯವರು ಖಾಸಗಿ ಭಾಗಗಳನ್ನು ಮುಟ್ಟಕೂಡದು. ಮುಟ್ಟಿದವರು ಯಾರೇ ಆಗಲಿ ಬಂದು ಹೇಳು, ಬಯ್ಯುವುದಿಲ್ಲ ಎಂಬ ಭರವಸೆ ಕೊಡಬೇಕು. 'ಇದು ನಮ್ಮಿಬ್ಬರ ಗುಟ್ಟು' ಎಂದವರ ಮಾತನ್ನು ಮೊದಲು ಮನೆಯಲ್ಲಿ ಹೇಳಬೇಕೆಂದು ತಿಳಿಸಬೇಕು.

* ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು. ಆರು ವರ್ಷದ ಮಗು 'ಪಾಪು ಎಲ್ಲಿಂದ ಬಂತು' ಎಂದರೆ 'ಅಮ್ಮನ ಹೊಟ್ಟೆಯಲ್ಲಿ ಗರ್ಭಕೋಶ ಎಂಬ ಚೀಲವಿದೆ, ಅಲ್ಲಿ ಬೆಳೆಯಿತು' ಎಂಬುದು ಸತ್ಯವೂ ಹೌದು, ಸಾಕಷ್ಟೂ ಹೌದು. ಗೊತ್ತಿಲ್ಲದ್ದಕ್ಕೆ 'ನೋಡಿ ಹೇಳುತ್ತೇನೆ' ಎನ್ನಲು ಸಂಕೋಚಪಡಬೇಕಿಲ್ಲ.

* ಮಗಳಿಗೆ ಮುಟ್ಟಿನ ವಿಷಯವನ್ನು ಅದು ಬರುವ ಮೊದಲೇ, ಎಂಟು ಒಂಬತ್ತು ವರ್ಷಕ್ಕೇ ತಿಳಿಸುವುದು ಒಳ್ಳೆಯದು. ಅದನ್ನು ಮಗನಿಗೂ ಹೇಳಬೇಕು. ಅಕ್ಕನ ಕಷ್ಟ ಅರ್ಥವಾದ ಹುಡುಗ ತರಗತಿಯಲ್ಲಿ ಇನ್ನೊಬ್ಬಳ ಲಂಗದ ಮೇಲಿನ ಕಲೆ ಕಂಡು ನಗುವುದಿಲ್ಲ.

* ಮಗು ಏನಾದರೂ ಹೇಳಿದರೆ ಮೊದಲು ನಂಬಬೇಕು. 'ನೀನು ಅಲ್ಲಿಗೆ ಯಾಕೆ ಹೋದೆ' ಎಂಬ ಪ್ರಶ್ನೆ ಮಗುವಿನ ಬಾಯನ್ನು ಎಂದೆಂದಿಗೂ ಮುಚ್ಚಿಸಬಲ್ಲದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಇದು ಮಕ್ಕಳೇ ಕರೆ ಮಾಡಬಹುದಾದ ಉಚಿತ ಸಂಖ್ಯೆ. ಅವರಿಗೆ ಬಾಯಿಪಾಠ ಮಾಡಿಸಿಡಬೇಕು.

ಮಾತನ್ನು ಮುಂದೂಡಿದ ಮಾತ್ರಕ್ಕೆ ಮಕ್ಕಳ ಬೆಳವಣಿಗೆ ನಿಲ್ಲುವುದಿಲ್ಲ. ಆಸ್ಪತ್ರೆ, ಕಾನೂನು, ಸುತ್ತೋಲೆ ಎಲ್ಲವನ್ನೂ ಸರ್ಕಾರ ಕೊಡಬಹುದು. ಆದರೆ ಸಂಕಟದಲ್ಲಿರುವ ಮಗು ಮೊದಲು ತಿರುಗಿ ನೋಡುವುದು ತನಗೆ ಹತ್ತಿರದವರನ್ನು. ಆ ಹೊತ್ತಿಗೆ 'ಇವರಿಗೆ ಹೇಳಬಹುದು' ಎಂಬ ಧೈರ್ಯ ಅದಕ್ಕೆ ಇರಬೇಕಾದರೆ, ಸಂಕಟ ಬರುವ ಮೊದಲೇ ಅವರು ಅದರೊಂದಿಗೆ ಮಾತನಾಡಿರಬೇಕು.